ಪೇಟೆಂಟ್ ಮಾರಿ ಪಾಠಕ್ಕೆ ದುಡ್ಡು ಹೊಂದಿಸಲು ಆಗುತ್ತದಾ? ನಮ್ಮ ವಿ.ವಿ.ಯಲ್ಲಿ ಈ ಪ್ರಸ್ತಾಪ ಬಂದಿದೆ

ಪ್ರಶ್ನೆ: ಕೆಮಿಸ್ಟ್ರಿ ಮೇಡಂ, ಕಲ್ಯಾಣ ಕರ್ನಾಟಕ

ಎಲ್ಲರಿಗೂ ನಮಸ್ಕಾರ. ನಾನು ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಕ್ಕಳಿಗೆ ಸಾವಯವ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಪೇಟೆಂಟ್ ವ್ಯವಹಾರ ಹತ್ತಿರದಿಂದ ನೋಡಿದವರು ಇಲ್ಲಿ ಇದ್ದಾರೆ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ವಿಭಾಗದಲ್ಲಿ ಕಾಯಂ ಆಗಿರುವವರು ಬೆರಳೆಣಿಕೆಯಷ್ಟು. ಮಿಕ್ಕವರೆಲ್ಲ ಅತಿಥಿ ಉಪನ್ಯಾಸಕರು. ಅವರ ಗೌರವಧನ ತಿಂಗಳುಗಟ್ಟಲೆ ತಡವಾಗುತ್ತದೆ. ಲ್ಯಾಬಿನಲ್ಲಿ ವ್ಯಾಕ್ಯೂಮ್ ಪಂಪ್ ಕೆಟ್ಟಿದೆ, ರಿಪೇರಿಗೆ ದುಡ್ಡಿಲ್ಲ, ಹಾಗಾಗಿ ರೋಟರಿ ಎವಾಪರೇಟರ್ ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದೇವೆ. ಸಾಲ್ವೆಂಟ್ ಉಳಿಸಬೇಕು ಅಂತ ನಾಲ್ಕು ಮಕ್ಕಳಿಗೆ ಒಂದೇ ಕಾಲಂ (ಮಿಶ್ರಣದಿಂದ ವಸ್ತು ಬೇರ್ಪಡಿಸುವ ಗಾಜಿನ ಕೊಳವೆ). ಒಬ್ಬರು ಕೈ ಹಾಕುತ್ತಾರೆ, ಮೂವರು ನೋಡಿ ರೆಕಾರ್ಡ್ ಬರೆಯುತ್ತಾರೆ. ಕಾಲಂ ಹಾಕದೇ ಎಂ.ಎಸ್ಸಿ. ಮುಗಿಸಿದ ಹುಡುಗಿ ನಾಳೆ ಫಾರ್ಮಾ ಕಂಪನಿಯ ಇಂಟರ್‌ವ್ಯೂನಲ್ಲಿ ಏನು ಹೇಳಬೇಕು?

ಈಗ ಹೊಸ ಮಾತು ಬಂದಿದೆ. 2025ರಲ್ಲಿ ಸಂಪುಟ ಉಪಸಮಿತಿ 9 ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಮಾಡಿದಾಗಿನಿಂದ ಎಲ್ಲ ಕಡೆ "ಸ್ವಂತ ಆದಾಯ ತೋರಿಸಿ" ಅನ್ನುವ ಒತ್ತಡ ಇದೆ. ಮೊನ್ನೆಯ ಸಭೆಯಲ್ಲಿ ಒಬ್ಬರು ದೊಡ್ಡ ಪರದೆ ಮೇಲೆ ಅಮೆರಿಕದ ವಿಶ್ವವಿದ್ಯಾಲಯಗಳ ಹೆಸರು ತೋರಿಸಿದರು. ಒಂದೊಂದಕ್ಕೂ ಪೇಟೆಂಟ್‌ನಿಂದ ಕೋಟಿಗಟ್ಟಲೆ ಡಾಲರ್. "ನಮ್ಮ ಹತ್ತಿರವೂ ಪೇಟೆಂಟ್ ಇವೆ, ಮಾರೋಣ, ಬಂದ ದುಡ್ಡಲ್ಲಿ ಬೋಧನಾ ನಿಧಿ ಮಾಡೋಣ, ಅತಿಥಿ ಉಪನ್ಯಾಸಕರ ಸಂಬಳಕ್ಕೆ ಅದೇ ಆಯಿತು" ಅಂದರು. ಪ್ರತಿ ವಿಭಾಗಕ್ಕೂ ವರ್ಷಕ್ಕೆ ಇಷ್ಟು ಅರ್ಜಿ ಅಂತ ಗುರಿಯನ್ನೂ ಕೊಟ್ಟರು.

ಕೇಳುವುದಕ್ಕೆ ಚೆನ್ನಾಗಿದೆ. ಆದರೆ ನನಗೆ ಸಮಾಧಾನ ಆಗುತ್ತಿಲ್ಲ. ಹೀಗೆ ನಿಜವಾಗಲೂ ದುಡ್ಡು ಬರುತ್ತದಾ? ಬಂದರೆ ಎಷ್ಟು ವರ್ಷಕ್ಕೆ? ಬಂದದ್ದು ಪಾಠದ ಕೋಣೆ ತನಕ ತಲುಪುತ್ತದಾ? ಮುಂದಿನ ಸಭೆಗೆ ಮೊದಲು ತಿಳಿದುಕೊಳ್ಳಬೇಕು.

ಉತ್ತರ 1: ಲೈಸೆನ್ಸಿಂಗ್ ಆಫೀಸಿನವನು, ಬೆಂಗಳೂರು

ಮೇಡಂ, ನಮಸ್ಕಾರ. ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯದ ಲೈಸೆನ್ಸಿಂಗ್ ಆಫೀಸಿನಲ್ಲಿ, ಅಂದರೆ ದುಡ್ಡು ತೆಗೆದುಕೊಂಡು ಪೇಟೆಂಟ್ ಬಳಸಲು ಕಂಪನಿಗಳಿಗೆ ಅನುಮತಿ ಕೊಡುವ ಕಡೆ, ಹಲವು ವರ್ಷ ಕೆಲಸ ಮಾಡಿ, ಈಗ ಬೆಂಗಳೂರಿನಲ್ಲಿ ಪೇಟೆಂಟ್ ಕೆಲಸವನ್ನೇ ಮಾಡುತ್ತಿದ್ದೇನೆ. ನೇರವಾಗಿ ಹೇಳುತ್ತೇನೆ: ಪೇಟೆಂಟ್ ದುಡ್ಡು ನಂಬಿಕೊಂಡು ಒಬ್ಬ ಉಪನ್ಯಾಸಕರನ್ನೂ ನೇಮಕ ಮಾಡಿಕೊಳ್ಳಬೇಡಿ. ಸಂಬಳ ತಿಂಗಳು ತಿಂಗಳು ಬರಬೇಕು. ಪೇಟೆಂಟ್ ದುಡ್ಡಿಗೆ ತಿಂಗಳು ಅನ್ನುವುದೇ ಗೊತ್ತಿಲ್ಲ.

ಆ ಪರದೆಯ ಮೇಲೆ ಇದ್ದ ಹೆಸರುಗಳು ಯಾವುವು ಅಂತ ಊಹೆ ಮಾಡಬಲ್ಲೆ. ಸ್ಟ್ಯಾನ್‌ಫರ್ಡ್ ಇದ್ದೇ ಇರುತ್ತದೆ. ಅಲ್ಲಿನ ಸ್ಟ್ಯಾನ್ಲಿ ಕೋಹೆನ್, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಬಾಯರ್ ಸೇರಿ ಡಿಎನ್‌ಎ ತುಂಡುಗಳನ್ನು ಕತ್ತರಿಸಿ ಜೋಡಿಸುವ ವಿಧಾನ ಕಂಡುಹಿಡಿದರು. ಪ್ರಬಂಧ ಬಂದದ್ದು 1973ರ ನವೆಂಬರ್‌ನಲ್ಲಿ. ಅರ್ಜಿ ಹಾಕಿದ್ದು 1974ರ ನವೆಂಬರ್ ಮೊದಲ ವಾರದಲ್ಲಿ, ಅಮೆರಿಕದ ಕಾನೂನು ಕೊಡುವ ಒಂದು ವರ್ಷದ ಗಡುವು ಮುಗಿಯಲು ಇನ್ನೇನು ಕೆಲವೇ ದಿನ ಇರುವಾಗ. ಪ್ರಬಂಧ ಆಗಲೇ ಅಚ್ಚಾಗಿದ್ದರಿಂದ ಹೊರದೇಶಗಳ ಹಕ್ಕು ಅಷ್ಟೊತ್ತಿಗೆ ಕೈಬಿಟ್ಟು ಹೋಗಿತ್ತು. ಪೇಟೆಂಟ್ ಕೈಗೆ ಬಂದದ್ದು 1980ರ ಡಿಸೆಂಬರ್. ಅವಧಿ ಮುಗಿದದ್ದು 1997. ಅಷ್ಟರಲ್ಲಿ ಎರಡೂ ವಿಶ್ವವಿದ್ಯಾಲಯಗಳಿಗೆ ಸೇರಿ ಬಂದದ್ದು ಸುಮಾರು 25.5 ಕೋಟಿ ಡಾಲರ್. ಗೂಗಲ್‌ನದ್ದೂ ಅಲ್ಲಿನದೇ, ಹುಡುಕಿದಾಗ ಯಾವ ಪುಟ ಮೇಲೆ ಬರಬೇಕು ಅಂತ ಲೆಕ್ಕ ಹಾಕುವ ವಿಧಾನ. ಪೇಜ್‌ರ‍್ಯಾಂಕ್ ಪೇಟೆಂಟ್ ಸ್ಟ್ಯಾನ್‌ಫರ್ಡ್ ಹೆಸರಲ್ಲಿತ್ತು. ಲೈಸೆನ್ಸ್‌ಗೆ ಬದಲಾಗಿ ಸಿಕ್ಕ ಷೇರುಗಳನ್ನು ಮಾರಿದ್ದರಿಂದ ಸುಮಾರು 33.6 ಕೋಟಿ ಡಾಲರ್ ಬಂತು.

ಇನ್ನೊಂದು ಹೆಸರು ನಾರ್ತ್‌ವೆಸ್ಟರ್ನ್ ಇರಬೇಕು. ನೀವು ಕೆಮಿಸ್ಟ್ರಿಯವರು, ಇದು ನಿಮಗೆ ಹತ್ತಿರದ್ದು. ರಿಚರ್ಡ್ ಸಿಲ್ವರ್‌ಮನ್ ಅವರ ಲ್ಯಾಬಿನಲ್ಲಿ ಪ್ರೀಗ್ಯಾಬಲಿನ್ ತಯಾರಾದದ್ದು 1989ರಲ್ಲಿ. ನರನೋವಿಗೆ ನಮ್ಮೂರ ಮೆಡಿಕಲ್ ಶಾಪಿನಲ್ಲೂ ಈಗ ಅದು ಸಿಗುತ್ತದೆ. ಲಿರಿಕಾ ಅನ್ನುವ ಹೆಸರಲ್ಲಿ ಅಮೆರಿಕದಲ್ಲಿ ಮಂಜೂರಾದದ್ದು 2004ರ ಕೊನೆಯಲ್ಲಿ. 2007ರಲ್ಲಿ ವಿಶ್ವವಿದ್ಯಾಲಯ ತನ್ನ ಮುಂದಿನ ರಾಯಲ್ಟಿಯಲ್ಲಿ (ಔಷಧಿ ಮಾರಾಟದಿಂದ ಸಿಗುವ ಪಾಲು) ಒಂದು ಭಾಗವನ್ನು ರಾಯಲ್ಟಿ ಫಾರ್ಮಾ ಎಂಬ ಕಂಪನಿಗೆ 70 ಕೋಟಿ ಡಾಲರ್‌ಗೆ ಮಾರಿತು. ಫ್ಲಾಸ್ಕಿನಿಂದ ದೊಡ್ಡ ದುಡ್ಡಿನ ತನಕ 18 ವರ್ಷ. 1989ರಲ್ಲಿ ಅಲ್ಲಿ ಪಾಠ ಕೇಳುತ್ತಿದ್ದ ಹುಡುಗರ ಮಕ್ಕಳು ಶಾಲೆಗೆ ಹೋಗುವ ಹೊತ್ತು.

ಈ ಪಟ್ಟಿ ಓದಿದವರಿಗೆ ಪ್ರತಿ ವಿಶ್ವವಿದ್ಯಾಲಯದಲ್ಲೂ ಹೀಗೇ ಆಗುತ್ತದೆ ಅನ್ನಿಸುತ್ತದೆ. ಆಗುವುದಿಲ್ಲ. ಬ್ರೂಕಿಂಗ್ಸ್ ಸಂಸ್ಥೆಯ ವಾಲ್ಟರ್ ವಾಲ್ಡಿವಿಯಾ 2013ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ 20 ವರ್ಷದ ಲೆಕ್ಕ ತೆಗೆದರು. ಸರಾಸರಿ 87 ಶೇಕಡಾ ವಿಶ್ವವಿದ್ಯಾಲಯಗಳಲ್ಲಿ ಲೈಸೆನ್ಸಿಂಗ್ ಆದಾಯ ಆ ಆಫೀಸಿನ ಖರ್ಚಿಗೇ ಸಾಲುತ್ತಿರಲಿಲ್ಲ. ಅಂದರೆ ಬಹಳಷ್ಟು ಕಡೆ ಪೇಟೆಂಟ್ ವಿಭಾಗ ಪಾಠಕ್ಕೆ ದುಡ್ಡು ಕೊಡುವುದಿರಲಿ, ಪಾಠದ ಕಡೆಯಿಂದಲೇ ದುಡ್ಡು ತಿನ್ನುತ್ತಿತ್ತು.

ಇದು ಹೇಗೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ನಾವು ಪ್ರತಿ ವರ್ಷ ಒಂದು ಮೀಟಿಂಗ್ ಮಾಡುತ್ತಿದ್ದೆವು. ಮೇಜಿನ ಮೇಲೆ ಉದ್ದದ ಶೀಟ್. ಒಂದು ಸಾಲಿಗೆ ಒಂದು ಪೇಟೆಂಟ್. ಎಡಗಡೆ ಪ್ರೊಫೆಸರ್ ಹೆಸರು, ಆಮೇಲೆ ಇದುವರೆಗಿನ ಖರ್ಚು, ಮುಂದಿನ ನವೀಕರಣ ಶುಲ್ಕದ ತಾರೀಖು, ಬಲತುದಿಯಲ್ಲಿ ಯಾವ ಕಂಪನಿ ಕೇಳಿದೆ ಅನ್ನುವ ಕಾಲಂ. ಆ ಕೊನೆಯ ಕಾಲಂ ಪುಟಗಟ್ಟಲೆ ಖಾಲಿ. ಖಾಲಿ ಇದ್ದದ್ದನ್ನು ಕೆಂಪು ಪೆನ್ನಲ್ಲಿ ಗೆರೆ ಎಳೆದು ಬಿಟ್ಟುಬಿಡುತ್ತಿದ್ದೆವು. ಆಮೇಲೆ ಆ ಪ್ರೊಫೆಸರ್‌ಗೆ ಫೋನ್ ಮಾಡಿ ಹೇಳುವ ಕೆಲಸ ನನ್ನದು. "ನಿಮ್ಮ ಕೆಲಸ ಚೆನ್ನಾಗಿಲ್ಲ ಅಂತಲ್ಲ ಸರ್, ತೆಗೆದುಕೊಳ್ಳುವವರು ಯಾರೂ ಬಂದಿಲ್ಲ" ಅಂತ. ಒಳ್ಳೆಯ ವಿಜ್ಞಾನ ಮಾಡಿದವರಿಗೆ ಹಾಗೆ ಹೇಳುವುದು ಕಷ್ಟ. ಕಂಪನಿಗೆ ಬೇಕಾದದ್ದು ಒಳ್ಳೆಯ ವಿಜ್ಞಾನ ಒಂದೇ ಅಲ್ಲ. ತಯಾರಿಕೆಗೆ ಎಷ್ಟು ಖರ್ಚು, ಈಗಿರುವ ಯಂತ್ರದಲ್ಲಿ ಆಗುತ್ತದಾ, ಎದುರಾಳಿ ಸುತ್ತಿ ಬಳಸಿ ಅದನ್ನೇ ಮಾಡಬಹುದಾ, ಇದೆಲ್ಲ ನೋಡುತ್ತಾರೆ.

ಬಂದ ದುಡ್ಡು ಹಂಚಿಕೆ ಆಗುವ ಬಗೆಯನ್ನೂ ನೋಡಿ. ಸ್ಟ್ಯಾನ್‌ಫರ್ಡ್‌ನಲ್ಲಿ ಮೊದಲು 15 ಶೇಕಡಾ ಆಫೀಸಿಗೆ. ಆಮೇಲೆ ವಕೀಲರು, ಶುಲ್ಕ ಅಂತ ಆದ ನೇರ ಖರ್ಚು. ಉಳಿದದ್ದು ಮೂರು ಪಾಲು: ಸಂಶೋಧಕರಿಗೆ ಒಂದು, ವಿಭಾಗಕ್ಕೆ ಒಂದು, ಆ ನಿಕಾಯಕ್ಕೆ ಒಂದು. ನೂರು ಡಾಲರ್ ಬಂದರೆ ನಿಕಾಯದ ಕೈಗೆ ಸಿಗುವುದು 28 ಡಾಲರ್ ಒಳಗೆ. ಇದು ಅನ್ಯಾಯ ಅಂತ ನಾನು ಹೇಳುತ್ತಿಲ್ಲ. ಸಂಶೋಧಕರಿಗೆ ಪಾಲು ಸಿಗಲೇಬೇಕು. ಆದರೆ ಪರದೆ ಮೇಲೆ ತೋರಿಸಿದ ಮೊತ್ತ ಪೂರ್ತಿ ಪಾಠಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ಮುಂದಿಡಿ.

ಇದಕ್ಕೆಲ್ಲ ಬುನಾದಿ 1980ರ ಬೇ-ಡೋಲ್ ಕಾಯ್ದೆ. ಸರ್ಕಾರದ ದುಡ್ಡಲ್ಲಿ ಆದ ಸಂಶೋಧನೆಯ ಹಕ್ಕನ್ನು ವಿಶ್ವವಿದ್ಯಾಲಯವೇ ಇಟ್ಟುಕೊಳ್ಳಬಹುದು ಅಂತ ಅದು ಹೇಳಿತು. ಖರ್ಚು, ಸಂಶೋಧಕರ ಪಾಲು ಕಳೆದು ಉಳಿದದ್ದನ್ನು ವೈಜ್ಞಾನಿಕ ಸಂಶೋಧನೆಗೆ ಅಥವಾ ಶಿಕ್ಷಣಕ್ಕೇ ಬಳಸಬೇಕು ಅಂತಲೂ ಅದೇ ಕಾನೂನಲ್ಲಿ ಇದೆ. ನಮ್ಮಲ್ಲೂ ಅದೇ ಮಾದರಿಯ ಮಸೂದೆ 2008ರಲ್ಲಿ ರಾಜ್ಯಸಭೆಗೆ ಬಂತು, 2014ರಲ್ಲಿ ವಾಪಸ್ ಹೋಯಿತು. ಹಾಗಾಗಿ ನಮ್ಮ ದೇಶದಲ್ಲಿ ಪ್ರತಿ ಸಂಸ್ಥೆಯೂ ತನ್ನದೇ ನಿಯಮ ಮಾಡಿಕೊಂಡಿದೆ. ನಿಮ್ಮ ವಿ.ವಿ.ಯಲ್ಲಿ ಅಂಥ ಲಿಖಿತ ನಿಯಮ ಇದೆಯಾ ಅಂತ ಮೊದಲು ವಿಚಾರಿಸಿ. ನಿಯಮ ಇಲ್ಲದೆ ಮಾರಾಟಕ್ಕೆ ಹೊರಟರೆ ಪಾಲಿನ ಜಗಳ ಕೋರ್ಟಿಗೆ ಹೋಗುತ್ತದೆ.

ದುಡ್ಡಿಗಿಂತ ನನಗೆ ಜಾಸ್ತಿ ಕಾಡುವ ವಿಷಯ ಇನ್ನೊಂದಿದೆ. 2016ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಎಕ್ಸ್‌ಟಾಂಡಿ ಅನ್ನುವ ಔಷಧಿಯ ರಾಯಲ್ಟಿ ಹಕ್ಕನ್ನು ಮಾರಿತು. ಪ್ರಾಸ್ಟೇಟ್ ಕ್ಯಾನ್ಸರ್ ಔಷಧಿ ಅದು. ಒಟ್ಟು 114 ಕೋಟಿ ಡಾಲರ್, ಅದರಲ್ಲಿ ವಿಶ್ವವಿದ್ಯಾಲಯದ ಪಾಲು 52 ಕೋಟಿ. ಸಂಶೋಧನೆಗೂ ವಿದ್ಯಾರ್ಥಿವೇತನಕ್ಕೂ ಬಳಸುತ್ತೇವೆ ಅಂದರು. ನಿಮ್ಮ ಬೋಧನಾ ನಿಧಿಯ ಕನಸಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ಅದೇ ವರ್ಷ ಭಾರತದ ಪೇಟೆಂಟ್ ಕಚೇರಿ ಆ ಔಷಧಿಗೆ ಪೇಟೆಂಟ್ ಕೊಡಲು ಒಪ್ಪಲಿಲ್ಲ. ವಿಶ್ವವಿದ್ಯಾಲಯ ಅದನ್ನು ಇಲ್ಲಿ ಪ್ರಶ್ನಿಸಿತು. ಇಲ್ಲಿ ಪೇಟೆಂಟ್ ಸಿಕ್ಕಿದ್ದರೆ ನಮ್ಮ ಜನರಿಕ್ ಕಂಪನಿಗಳು ಕಡಿಮೆ ಬೆಲೆಗೆ ಮಾಡುವುದು ನಿಲ್ಲುತ್ತಿತ್ತು. ಕೇಸು ಬಿಡಿ ಅಂತ ಅಲ್ಲಿನ ವಿದ್ಯಾರ್ಥಿಗಳೇ ತಮ್ಮ ಆಡಳಿತಕ್ಕೆ ಎದುರು ನಿಂತರು. ಆ ಮಕ್ಕಳ ಬಗ್ಗೆ ನನಗೆ ತುಂಬಾ ಗೌರವ ಇದೆ. ಲಾಸ್ ಏಂಜಲೀಸ್‌ನ ಹುಡುಗನ ಸ್ಕಾಲರ್‌ಶಿಪ್‌ಗೂ ಕಿದ್ವಾಯಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತ ಅಪ್ಪನ ಮಾತ್ರೆಗೂ ಹೀಗೆ ನಂಟು ಬೀಳಬಾರದು.

ಉತ್ತರ 2: ಮ್ಯಾಡಿಸನ್ ಕನ್ನಡಿಗ

ನಾನು ವಿಸ್ಕಾನ್ಸಿನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೇಲಿನ ಸರ್ ಹೇಳಿದ್ದು ಸರಿ, ಆದರೆ ನಮ್ಮ ವಿಶ್ವವಿದ್ಯಾಲಯದ ಕಥೆ ಸೇರಿಸದಿದ್ದರೆ ಚಿತ್ರ ಅರ್ಧ ಆಗುತ್ತದೆ.

ಇಲ್ಲಿ ಹ್ಯಾರಿ ಸ್ಟೀನ್‌ಬಾಕ್ ಎಂಬ ಪ್ರೊಫೆಸರ್ ಆಹಾರದ ಮೇಲೆ ಅಲ್ಟ್ರಾವಯಲೆಟ್ ಬೆಳಕು ಬಿಟ್ಟರೆ ಅದರಲ್ಲಿ ವಿಟಮಿನ್ ಡಿ ಜಾಸ್ತಿ ಆಗುತ್ತದೆ ಅಂತ ತೋರಿಸಿದರು. ಮಕ್ಕಳ ಕಾಲು ಸೊಟ್ಟಗಾಗುವ ರಿಕೆಟ್ಸ್ ಕಾಯಿಲೆಗೆ ಅದೇ ಮದ್ದು. 1924ರಲ್ಲಿ ಕೈಯಿಂದ 300 ಡಾಲರ್ ಹಾಕಿ ಪೇಟೆಂಟ್ ಅರ್ಜಿ ಕೊಟ್ಟರು. ಕ್ವೇಕರ್ ಓಟ್ಸ್ ಕಂಪನಿ ಸುಮಾರು 10 ಲಕ್ಷ ಡಾಲರ್ ಕೊಡುತ್ತೇವೆ ಅಂದಿತು. ಅವರು ಒಪ್ಪಲಿಲ್ಲ. ಹಳೆಯ ವಿದ್ಯಾರ್ಥಿಗಳ ಜೊತೆ ಸೇರಿ 1925ರಲ್ಲಿ ವಾರ್ಫ್ ಅನ್ನುವ ಪ್ರತಿಷ್ಠಾನ ಕಟ್ಟಿದರು. ಅದು ಲೈಸೆನ್ಸ್ ಕೊಟ್ಟು ಬಂದದ್ದನ್ನು ಹೂಡಿಕೆ ಮಾಡಿ, ಅದರ ಗಳಿಕೆಯನ್ನು ವರ್ಷಾ ವರ್ಷಾ ವಿಶ್ವವಿದ್ಯಾಲಯಕ್ಕೆ ಕೊಡುತ್ತಾ ಬಂದಿದೆ. ರಕ್ತ ತೆಳುವಾಗಲು ಕೊಡುವ ವಾರ್ಫರಿನ್ ಮಾತ್ರೆಯ ಹೆಸರು ಈ ಸಂಸ್ಥೆಯಿಂದಲೇ ಬಂದದ್ದು.

ಆದರೆ ಇಲ್ಲಿಯೂ ಒಂದು ಕಪ್ಪು ಚುಕ್ಕೆ ಇದೆ. ವಿಸ್ಕಾನ್ಸಿನ್ ಹಾಲು ಬೆಣ್ಣೆಯ ರಾಜ್ಯ. ಬೆಣ್ಣೆಗೆ ಪೈಪೋಟಿ ಆಗುತ್ತದೆ ಅಂತ ಮಾರ್ಗರಿನ್ ಮಾಡುವವರಿಗೆ ಆ ವಿಟಮಿನ್ ಡಿ ಲೈಸೆನ್ಸ್ ಕೊಡಲೇ ಇಲ್ಲ. ಮಾರ್ಗರಿನ್ ತಿನ್ನುತ್ತಿದ್ದವರು ಬೆಣ್ಣೆ ಕೊಳ್ಳಲಾಗದ ಬಡವರು. ರಿಕೆಟ್ಸ್ ಜಾಸ್ತಿ ಇದ್ದದ್ದೂ ಅವರ ಮಕ್ಕಳಲ್ಲೇ. 1940ರ ದಶಕದಲ್ಲಿ ಕೋರ್ಟ್ ಇದನ್ನು ಎತ್ತಿ ಆಡಿತು, ಕೊನೆಗೆ ಪೇಟೆಂಟ್‌ಗಳನ್ನೇ ಅಸಿಂಧು ಮಾಡಿತು.

ಮೇಡಂಗೆ ಉಪಯೋಗ ಆಗುವ ಮಾತು ಅಂದರೆ ಇಷ್ಟು: ಇಲ್ಲಿ ದುಡ್ಡು ಉಳಿದದ್ದು ಅಸಲು ಮುಟ್ಟದೆ ಇಟ್ಟಿದ್ದಕ್ಕೆ. ಬಂದ ವರ್ಷವೇ ಸಂಬಳಕ್ಕೆ ಹಂಚಿದ್ದರೆ ಪೇಟೆಂಟ್ ಹೋದ ವರ್ಷವೇ ಎಲ್ಲ ಮುಗಿಯುತ್ತಿತ್ತು.

ಕೆಮಿಸ್ಟ್ರಿ ಮೇಡಂ

ಇಬ್ಬರಿಗೂ ತುಂಬಾ ಧನ್ಯವಾದ. 18 ವರ್ಷ ಅನ್ನುವುದನ್ನು ಓದಿ ಸುಮ್ಮನೆ ಕೂತೆ. ನಮ್ಮ ಅತಿಥಿ ಉಪನ್ಯಾಸಕರಲ್ಲಿ ಒಬ್ಬರು ಈ ತಿಂಗಳ ಬಾಡಿಗೆಗೆ ಸಾಲ ಕೇಳಿದ್ದಾರೆ.

ಇನ್ನೂ ಎರಡು ಪ್ರಶ್ನೆ ಇವೆ. ನಮ್ಮಲ್ಲಿ ಇರುವ ಅರ್ಜಿಗಳಲ್ಲಿ ಬಹಳಷ್ಟು ರ‍್ಯಾಂಕಿಂಗ್‌ಗಾಗಿ ಹಾಕಿದ್ದು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಪ್ರಕಟವಾದ ಪೇಟೆಂಟ್‌ಗೂ ಅಂಕ ಇದೆ ಅಂತ ಎಲ್ಲರೂ ಹಾಕಿದರು. ಅವನ್ನು ಯಾರಾದರೂ ಕೊಳ್ಳುತ್ತಾರಾ? ಇನ್ನೊಂದು, ಪೇಟೆಂಟ್ ಮಾರಿಬಿಟ್ಟರೆ ಆ ಪ್ರಯೋಗವನ್ನು ನಮ್ಮ ಮಕ್ಕಳಿಗೆ ಲ್ಯಾಬಿನಲ್ಲಿ ಹೇಳಿಕೊಡಲು ಕಂಪನಿಯ ಅನುಮತಿ ಬೇಕಾಗುತ್ತದಾ? ಒಬ್ಬ ಸಹೋದ್ಯೋಗಿ ಹಾಗಂತ ಹೆದರಿಸಿದರು.

ಉತ್ತರ 3: ಬೀಜದ ಮೇಷ್ಟ್ರು, ಧಾರವಾಡ

ನಾನು ಕೃಷಿ ವಿಶ್ವವಿದ್ಯಾಲಯದಲ್ಲಿ ತಳಿ ವಿಭಾಗದಲ್ಲಿದ್ದು ನಿವೃತ್ತನಾದವನು. ಪೇಟೆಂಟ್ ಕಾನೂನು ನನಗೆ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ವಿಶ್ವವಿದ್ಯಾಲಯದ ಸಂಶೋಧನೆಯ ಬೆಲೆ ಎಷ್ಟು ಅಂತ ಕೇಳಿದರೆ ನನಗೂ ಹೇಳುವುದಿದೆ.

ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಗಿ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು. ಅದರೊಳಗಿನ ಗಂಡು ಭಾಗ ನಿಲ್ಲಿಸಿ ಇನ್ನೊಂದರ ಪರಾಗ ಸೇರಿಸುವುದು ಎಂಥ ತಾಳ್ಮೆಯ ಕೆಲಸ ಅಂತ ಮಾಡಿದವರಿಗೇ ಗೊತ್ತು. ಬೆಳಗಿನ ಜಾವ ಹೂವು ಬಿಡುವ ಹೊತ್ತಿಗೆ ಹೊಲದಲ್ಲಿ ಇರಬೇಕು. ಇಲ್ಲಿ ಧಾರವಾಡದಲ್ಲಿ ಡಾ. ಕಾತರಕಿ ಅವರು 1972ರಲ್ಲಿ ವರಲಕ್ಷ್ಮಿ ಹತ್ತಿ ಕೊಟ್ಟರು. 1981ರಲ್ಲಿ ಡಿಸಿಎಚ್ 32 ಬಂತು, ರೈತರು ಅದನ್ನು ಜಯಲಕ್ಷ್ಮಿ ಅಂದರು. ಹಾವೇರಿ ಕಡೆ ಆ ಹತ್ತಿ ಮಾರಿ ಮನೆ ಕಟ್ಟಿದವರು, ಮಕ್ಕಳನ್ನು ಓದಿಸಿದವರು ನನಗೆ ಗೊತ್ತು.

ಇವಕ್ಕೆಲ್ಲ ಪೇಟೆಂಟ್ ಇರಲಿಲ್ಲ. ಈಗಲೂ ನಮ್ಮ ದೇಶದಲ್ಲಿ ಸಸ್ಯ, ಬೀಜ, ತಳಿಗಳಿಗೆ ಪೇಟೆಂಟ್ ಸಿಗುವುದಿಲ್ಲ, ಅದಕ್ಕೆ 2001ರ ಬೇರೆ ಕಾಯ್ದೆ ಇದೆ. ಆ ಕಾಯ್ದೆಯಲ್ಲಿ ರೈತ ತನ್ನ ಬೀಜ ಉಳಿಸಿ ಬಿತ್ತುವ ಹಕ್ಕು ಹಾಗೇ ಇದೆ. ಸರ್ಕಾರ ನಮಗೆ ಸಂಬಳ ಕೊಟ್ಟಿತು, ಹೊಲ ಕೊಟ್ಟಿತು, ನಾವು ತಳಿ ಕೊಟ್ಟೆವು, ಹುಡುಗರಿಗೆ ಪಾಠವನ್ನೂ ಮಾಡಿದೆವು. ಬೆಳಗ್ಗೆ ಹೊಲದಲ್ಲಿ ಸಂಕರ ಮಾಡಿದ ಕೈಯಲ್ಲೇ ಮಧ್ಯಾಹ್ನ ಬೋರ್ಡಿನ ಮೇಲೆ ಬರೆಯುತ್ತಿದ್ದೆವು. ಲಾಭ ವಿಶ್ವವಿದ್ಯಾಲಯದ ಖಾತೆಗೆ ಬರಲಿಲ್ಲ, ರೈತನ ಮನೆಗೆ ಹೋಯಿತು, ಅಲ್ಲಿಂದ ಸರ್ಕಾರಕ್ಕೂ ಹೋಯಿತು. ಅದನ್ನು ಆದಾಯ ಅಂತ ಯಾಕೆ ಲೆಕ್ಕ ಹಿಡಿಯುವುದಿಲ್ಲ? ಮೇಡಂ, ಸಭೆಯಲ್ಲಿ ಇದನ್ನು ಕೇಳಿರಿ. "ಸ್ವಂತ ಆದಾಯ" ಅಂದ ಕೂಡಲೇ ತಲೆ ತಗ್ಗಿಸಬೇಡಿರಿ. ಪಾಠ ಮಾಡುವವರ ಸಂಬಳ ಸರ್ಕಾರದ ಹೊಣೆ.

ಉತ್ತರ 4: ಲೈಸೆನ್ಸಿಂಗ್ ಆಫೀಸಿನವನು, ಬೆಂಗಳೂರು

ಬೀಜದ ಮೇಷ್ಟ್ರೇ, ನೀವು ಬರೆದದ್ದು ಓದಿ ತುಂಬಾ ಸಂತೋಷವಾಯಿತು. ನಮ್ಮಪ್ಪ ಬೆಳೆಯುತ್ತಿದ್ದದ್ದೂ ಇಂಡಾಫ್ ರಾಗಿಯೇ. ನಾನು ಓದಿದ್ದು ಆ ರಾಗಿ ದುಡ್ಡಿನಲ್ಲಿ.

ಮೇಡಂ, ಪಾಠದ ವಿಷಯ ಮೊದಲು ಹೇಳುತ್ತೇನೆ, ಅದರಲ್ಲಿ ಭಯ ಬೇಡ. ನಮ್ಮ ಪೇಟೆಂಟ್ ಕಾಯ್ದೆಯ 47ನೇ ಸೆಕ್ಷನ್ನಿನಲ್ಲೇ ಇದೆ: ಬರೀ ಪ್ರಯೋಗ, ಸಂಶೋಧನೆಗೆ, ವಿದ್ಯಾರ್ಥಿಗಳಿಗೆ ಹೇಳಿಕೊಡುವುದಕ್ಕೆ ಯಾರದೇ ಪೇಟೆಂಟ್ ಆದ ವಿಧಾನವನ್ನೂ ಬಳಸಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಮಾರಾಟದ ಒಪ್ಪಂದದಲ್ಲಿ ಗುಟ್ಟು ಕಾಪಾಡುವ ಷರತ್ತು ಹಾಕಿಸಿಕೊಂಡು ಕಂಪನಿ ನಿಮ್ಮ ಬಾಯಿ ಕಟ್ಟಬಹುದು. ಹಾಗಾಗಿ ಸಹಿ ಹಾಕುವ ಮೊದಲು ಓದಬೇಕಾದದ್ದು ಆ ಪುಟ.

ರ‍್ಯಾಂಕಿಂಗ್‌ಗೆ ಹಾಕಿದ ಅರ್ಜಿಗಳ ಬಗ್ಗೆ ಹೇಳಲು ಬೇಜಾರಾಗುತ್ತದೆ, ಆದರೂ ಹೇಳಬೇಕು. ಪ್ರಕಟವಾಗುವುದು ಅಂದರೆ ಏನೂ ಅಲ್ಲ. ಅರ್ಜಿ ಹಾಕಿ 18 ತಿಂಗಳಾದರೆ ಪೇಟೆಂಟ್ ಕಚೇರಿಯ ಪತ್ರಿಕೆಯಲ್ಲಿ ತಾನಾಗಿ ಬರುತ್ತದೆ, ಒಂದಿಷ್ಟು ಶುಲ್ಕ ಕಟ್ಟಿದರೆ ಇನ್ನೂ ಬೇಗ ಬರುತ್ತದೆ. ಅಷ್ಟೊತ್ತಿಗೆ ಯಾರೂ ಅದನ್ನು ಪರೀಕ್ಷೆ ಮಾಡಿರುವುದಿಲ್ಲ. ಪರೀಕ್ಷೆ ಕೋರಿ ಬೇರೆ ಅರ್ಜಿ ಕೊಡಬೇಕು. ಅದನ್ನು ಕೊಡದೇ ಬಿಟ್ಟದ್ದು ಗಡುವು ದಾಟಿದ ಮೇಲೆ ಸತ್ತಹಾಗೆ. ಕೊಳ್ಳಲು ಬಂದವರು ಮೊದಲು ಕೇಳುವುದೇ "ಗ್ರ್ಯಾಂಟ್ ಆಗಿದೆಯಾ?" ಅಂತ, ಅಂದರೆ ಪೇಟೆಂಟ್ ಮಂಜೂರಾಗಿದೆಯಾ ಅಂತ. ಅರ್ಜಿ ಜಾಸ್ತಿ ಆದಷ್ಟೂ ಆದಾಯ ಜಾಸ್ತಿ ಅನ್ನುವುದು ಎಲ್ಲೂ ನಡೆದಿಲ್ಲ. ಪ್ರತಿ ವಿಭಾಗಕ್ಕೂ ಗುರಿ ಕೊಡುವುದನ್ನು ದಯವಿಟ್ಟು ವಿರೋಧಿಸಿ. ಮೇಷ್ಟ್ರುಗಳು ಪಾಠ ಬಿಟ್ಟು ಫಾರಂ ತುಂಬುತ್ತಾ ಕೂರುತ್ತಾರೆ.

ಖರ್ಚು ಎಷ್ಟು ಅಂತಲೂ ಗೊತ್ತಿರಲಿ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಸರ್ಕಾರಿ ಶುಲ್ಕದಲ್ಲಿ 80 ಶೇಕಡಾ ರಿಯಾಯಿತಿ ಇದೆ. ಅರ್ಜಿಗೆ 1,600 ರೂಪಾಯಿ, ಪರೀಕ್ಷೆಗೆ 4,000. ಮೂರನೇ ವರ್ಷದಿಂದ ನವೀಕರಣ ಶುಲ್ಕ: ಮೊದಲು ವರ್ಷಕ್ಕೆ 800, ಏರುತ್ತಾ ಏರುತ್ತಾ ಕೊನೆಯ ಐದು ವರ್ಷ 8,000. ಪೂರ್ತಿ 20 ವರ್ಷ ಜೀವಂತ ಇಡಲು ನವೀಕರಣಕ್ಕೇ 76,800 ರೂಪಾಯಿ. ಏಜೆಂಟ್ ಶುಲ್ಕ ಬೇರೆ. ಒಂದಕ್ಕೆ ಇದು ದೊಡ್ಡದಲ್ಲ. ಐವತ್ತಕ್ಕೆ ಗುಣಿಸಿ ನೋಡಿ, ನಿಮ್ಮ ವ್ಯಾಕ್ಯೂಮ್ ಪಂಪ್ ಎಷ್ಟು ಸಲ ರಿಪೇರಿ ಆಗುತ್ತಿತ್ತು! ಅದೂ ಈ ಪೇಟೆಂಟ್ ನಡೆಯುವುದು ಭಾರತದ ಒಳಗೆ ಮಾತ್ರ. ಹೊರದೇಶದಲ್ಲಿ ಬೇಕು ಅಂದರೆ ಮೊದಲ ಅರ್ಜಿಯಿಂದ 12 ತಿಂಗಳೊಳಗೆ ಹೆಜ್ಜೆ ಇಡಬೇಕು, ಆಮೇಲಿನ ಖರ್ಚು ಲಕ್ಷಗಳಲ್ಲಿ.

ಇಷ್ಟೆಲ್ಲ ಹೇಳಿದೆ ಅಂತ ಪೇಟೆಂಟ್ ಬೇಡವೇ ಬೇಡ ಅಂದುಕೊಳ್ಳಬೇಡಿ. ನಿಮ್ಮ ವಿಭಾಗದಲ್ಲಿ ನಿಜವಾಗಲೂ ಒಂದೆರಡು ಒಳ್ಳೆಯವು ಇರಬಹುದು. ಅವನ್ನು ಪೂರ್ತಿ ಮಾರಬೇಡಿ, ಲೈಸೆನ್ಸ್ ಕೊಡಿ. ಮಾರಿದರೆ ಹಕ್ಕು ಕೈಬಿಟ್ಟು ಹೋಗುತ್ತದೆ, ಕೊಂಡವರು ಬೀರುವಿನಲ್ಲಿಟ್ಟು ಬೀಗ ಹಾಕಿದರೂ ನೀವು ಕೇಳುವ ಹಾಗಿಲ್ಲ. ಲೈಸೆನ್ಸ್‌ನಲ್ಲಿ ಷರತ್ತು ಬರೆಯಬಹುದು. ಇಷ್ಟು ವರ್ಷದೊಳಗೆ ಉತ್ಪನ್ನ ಬರದಿದ್ದರೆ ಹಕ್ಕು ವಾಪಸ್. ಒಬ್ಬರಿಗೇ ಅಲ್ಲ, ಕೇಳಿದವರಿಗೆಲ್ಲ. ಕೋಹೆನ್-ಬಾಯರ್ ಪೇಟೆಂಟ್‌ನಲ್ಲಿ ಸ್ಟ್ಯಾನ್‌ಫರ್ಡ್ ಮಾಡಿದ್ದು ಅದನ್ನೇ. ವರ್ಷಕ್ಕೆ 10,000 ಡಾಲರ್ ಕಟ್ಟಿದ ಯಾವ ಕಂಪನಿಗೂ ಲೈಸೆನ್ಸ್ ಸಿಗುತ್ತಿತ್ತು, 1981ರ ಡಿಸೆಂಬರ್ ಗಡುವಿಗೆ 73 ಕಂಪನಿಗಳು ಬಂದು ಸಹಿ ಹಾಕಿದವು. ಯಾರ ಬಾಗಿಲೂ ಮುಚ್ಚಲಿಲ್ಲ, ದುಡ್ಡೂ ಬಂತು.

ಔಷಧಿ ಆಗಿದ್ದರೆ ಬೆಲೆಯ ಷರತ್ತು ಮೊದಲೇ ಹಾಕಿ. ಯೇಲ್ ವಿಶ್ವವಿದ್ಯಾಲಯದ ಏಡ್ಸ್ ಔಷಧಿ ಸ್ಟಾವುಡಿನ್ ವಿಷಯದಲ್ಲಿ ಹೀಗೆ ಆಗಿತ್ತು. ಲೈಸೆನ್ಸ್ ಕೊಟ್ಟಾಗ ಯಾರೂ ಆಫ್ರಿಕದ ಬಗ್ಗೆ ಬರೆದಿರಲಿಲ್ಲ. 2001ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಜನ ಸಾಯುತ್ತಿರುವಾಗ ವೈದ್ಯರ ಸಂಘಟನೆಯವರು ಪತ್ರ ಬರೆದರು, ಯೇಲ್‌ನ ವಿದ್ಯಾರ್ಥಿಗಳು ಹೋರಾಟ ಮಾಡಿದರು, ಸಂಶೋಧಕ ವಿಲಿಯಂ ಪ್ರೂಸಾಫ್ ತಾವೇ ಪತ್ರಿಕೆಗೆ ಬರೆದರು. ಮಾರ್ಚ್‌ನಲ್ಲಿ ಕಂಪನಿ ಅಲ್ಲಿ ಪೇಟೆಂಟ್ ಚಲಾಯಿಸುವುದಿಲ್ಲ ಅಂತ ಒಪ್ಪಿತು. ಅದೇ ಸಮಯದಲ್ಲಿ ನಮ್ಮ ಸಿಪ್ಲಾ ಮೂರು ಔಷಧಿಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡಲು ಮುಂದೆ ಬಂದಿತ್ತು. ಒಂದು ಸಾಲು ಮೊದಲೇ ಬರೆದಿದ್ದರೆ ಆ ಹೋರಾಟ ಬೇಕಿರಲಿಲ್ಲ.

ಬೇಗ ದುಡ್ಡು ಬೇಕು ಅಂದರೆ ನಿಮ್ಮ ಕಡೆ ಬೇರೆ ದಾರಿ ಇದೆ. ಸುತ್ತಮುತ್ತ ಸಿಮೆಂಟ್, ಬೇಳೆ ಮಿಲ್, ಸಣ್ಣ ಫಾರ್ಮಾ ಘಟಕಗಳು ಇರುತ್ತವೆ ಅಲ್ವಾ? ಸ್ಯಾಂಪಲ್ ಪರೀಕ್ಷೆ ಮಾಡಿಕೊಟ್ಟು ರಿಪೋರ್ಟ್ ಕೊಟ್ಟರೆ ಅದೇ ತಿಂಗಳು ಬಿಲ್ ಆಗುತ್ತದೆ. ಅದರಿಂದ ಸಂಬಳ ಹುಟ್ಟುವುದಿಲ್ಲ, ಪಂಪ್ ರಿಪೇರಿ ಆಗುತ್ತದೆ, ಸಾಲ್ವೆಂಟ್ ಬರುತ್ತದೆ. ಮುಖ್ಯವಾಗಿ ಮಕ್ಕಳು ಯಂತ್ರ ಮುಟ್ಟುತ್ತಾರೆ.

ಸಭೆಗೆ ಹೋಗುವ ಮೊದಲು ಇಷ್ಟು ಮಾಡಿ. ವಿ.ವಿ.ಯ ಎಲ್ಲ ಪೇಟೆಂಟ್‌ಗಳ ಪಟ್ಟಿ ಕೇಳಿ ತೆಗೆದುಕೊಳ್ಳಿ. ಗ್ರ್ಯಾಂಟ್ ಆದದ್ದು ಎಷ್ಟು, ನವೀಕರಣ ಕಟ್ಟಿರುವುದು ಎಷ್ಟು, ಒಂದಾದರೂ ಕಂಪನಿ ವಿಚಾರಿಸಿದ್ದು ಯಾವುದು, ಈ ಮೂರನ್ನು ಬರೆದುಕೊಳ್ಳಿ. ಅರ್ಜಿ ನಂಬರ್ ಇದ್ದರೆ ಸಾಕು, ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಸ್ಥಿತಿ ನೋಡಬಹುದು. ಪಟ್ಟಿ ಸಿಕ್ಕಿದರೆ ಅದನ್ನು ಇಲ್ಲಿ ಹಾಕಿ, ಭಾನುವಾರ ಕೂತು ಒಂದೊಂದನ್ನೂ ನೋಡಿ ಹೇಳುತ್ತೇನೆ. ಇನ್ನೂ ಅರ್ಜಿ ಹಾಕದೇ ಇರುವ ಕೆಲಸದ ವಿವರ ಮಾತ್ರ ಇಲ್ಲಿ ಬರೆಯಬೇಡಿ, ಬಹಿರಂಗ ಆದರೆ ಆಮೇಲೆ ಪೇಟೆಂಟ್ ಸಿಗುವುದಿಲ್ಲ.

ಕೆಮಿಸ್ಟ್ರಿ ಮೇಡಂ

ಪಟ್ಟಿ ಕೊಡಿ ಅಂತ ರಿಜಿಸ್ಟ್ರಾರ್ ಆಫೀಸಿಗೆ ಇವತ್ತು ಪತ್ರ ಕೊಟ್ಟೆ, ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬಂದಿದ್ದೇನೆ. ಗೌರವಧನದ ಬಾಕಿಯನ್ನು ಪೇಟೆಂಟ್ ವಿಷಯದ ಜೊತೆ ಸೇರಿಸಬಾರದು, ಅದು ಬೇರೆ ಅಂಶವಾಗಿ ಸಭೆಯ ಪಟ್ಟಿಯಲ್ಲಿ ಬರಬೇಕು ಅಂತ ಅದೇ ಪತ್ರದಲ್ಲಿ ಬರೆದಿದ್ದೇನೆ. ನಾಲ್ವರು ಸಹೋದ್ಯೋಗಿಗಳು ಜೊತೆಗೆ ಸಹಿ ಮಾಡಿದ್ದಾರೆ. ಪಟ್ಟಿ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ ಸರ್.